ಒಂದಕ್ಕೆ ಹತ್ತು

ಹುಬ್ಬಳ್ಳಿ ಏಜೆಂಟ ನನ್ನ ಶೆಡ್ಡಿನ ಮುಂದ ಮೂರು ಕ್ಯಾನು ಇಳಿಸಿ
'ಮಾಲಕರು ಎಲ್ಲದಾರ್ರಿ ಅಕ್ಕಾರ?' ಅಂದ.
ಕೈಗವಸು ಕಳದು 'ನಾನ' ಅಂದೆ.

ಹಸರೊಂದು, ನೇರಳೆ ಒಂದು, ಬಣ್ಣಿಲ್ಲದ್ದೊಂದು.
ಮೂರೂ ಆಲ್ ಪರ್ಪಸ್‌ ಅಂತ.
ಸೀಟು, ಛತ್ತು, ಡ್ಯಾಶ್‌ಬೋರ್ಡು, ಗಾಲಿ, ಎಂಜಿನ್ನು,
ಯಾವದಕ್ಕರ ಹೊಡೀರಿ, ನಡೀತೈತ್ರಿ ಅಂದ.
ಒಂದು ಕೇಳಿದ್ರ ಹತ್ತು ಹೇಳಾಂವ.
ಮಾತಿಗಲ್ಲಪಾ, ಕ್ಯಾನಿಗಿ ಎಷ್ಟು ನೀರು ಅದನ್ನ ಹೇಳು ಅಂದೆ.

ಎಲ್ಲಾದಕ್ಕೂ ಆಗತೈತಿ ಅನ್ನೂದ್ರ ಮ್ಯಾಲ
ನನಗ ನಂಬಿಗಿ ಹೋಗಿ ವರ್ಷಾತು.
ಅಂಥಾದ್ದೊಂದನ್ನ ನೀರು ಬೆರಸದನ
ಲೋಕಾಪುರದ ಗುತ್ತಿಗೆದಾರರ ಕಾರಿನ ಬಾಗಿಲಿಗಿ ಹೊಡದಿದ್ದೆ.
ಒರಸಬೇಕನ್ನೂದ್ರಾಗ ಫೋನು ಬಂತು,
ಬಿಸಲು ಅದನ್ನ ಕುಡದು ಮುಗಿಸ್ತು.
ಕರೇ ಪ್ಲಾಸ್ಟಿಕ್ ಮ್ಯಾಲ ಬಿಳೇ ಧಾರಿ,
ಅತ್ತು ಮಲಗಿದ ಹುಡುಗರ ಗಲ್ಲದಾಗ ಇರತಾವಲ್ಲ, ಹಂಗ.
ಅವಾದ್ರ ಮುಂಜಾನೆ ಮುಖ ತೊಳದ್ರ ಹೋಗತಾವ.
ಇವು ಹೋಗಲಿಲ್ಲ.
ನಾಕು ಸಾವಿರದ ಎಂಟುನೂರು, ನನ್ನ ಪರ್ಸಿನಿಂದ.

ಬಾಗಲಕೋಟ್ಯಾಗ ಹೊಲಸು ಒಂದ ಜಾತೀದಲ್ಲ.
ಸಿಮೆಂಟ್ ಧೂಳಿಗಿ ನೀರು ತೋರಿಸಿದ್ರ ಕಲ್ಲಾಗತೈತಿ,
ಇಳಕಲ್ಲಿನ ಕೆಂಪುಗಲ್ಲಿನ ಪುಡಿ ಬೆಕ್ಕಿನ ಉಗುರು.
ಮುಧೋಳದಿಂದ ಬರೋ ಗಾಡಿ ತುಂಬ ಕಾಕಂಬಿ ಜಿಗಟು,
ಅಮೀನಗಡದ ಕಡಿಂದ ಬಂದದ್ರಾಗ
ಸೀಟಿನ ಸಂದ್ಯಾಗ ಕರದಂಟಿನ ಚೂರು, ಇರಿವಿ ಸಮೇತ.
ನನ್ನ ಬೋರಿನ ನೀರೂ ಸಾಚಾ ಅಲ್ಲ,
ಒಣಗಿದಲ್ಲೆಲ್ಲ ಸುಣ್ಣದ ರುಜು ಹಾಕಿ ಹೋಗತೈತಿ.

ಅದಕ್ಕ ಪರೀಕ್ಷೆ.
ಮೊದಲ ಮೂಗು: ನಿಂಬೀವಾಸನಿ ಜೋರಿದ್ದಷ್ಟೂ ನನಗ ಸಂಶೆ.
ಆಮ್ಯಾಲೆ ಒಂದು ಪಾಲಿಗಿ ಹತ್ತು ಪಾಲು ಫಿಲ್ಟರ್ ನೀರು,
ಡ್ರೈವರ್ ಸೀಟಿನ ಬುಡಕ, ಯಾರಿಗೂ ಕಾಣದಲ್ಲಿ,
ರೂಪಾಯಿಯಷ್ಟಗಲ.
ಬಟ್ಟಿಗಿ ಹೊಲಸು ಬಂದ್ರ ಚೊಲೊ,
ಬಣ್ಣ ಬಂದ್ರ ಕ್ಯಾನು ವಾಪಸ್.
ಕಡೀಕ ನನ್ನ ಎಡಗೈ ಬೆನ್ನು.

ಹಸರು ಉರೀತು.
ನೇರಳೇದು ಉರೀಲಿಲ್ಲ, ಅಂಟಂಟು ಬಿಟ್ಟು ಹೋತು;
ಹಂಗ ಬಿಟ್ರ ಸಂಜೀ ತನಕ ಊರ ಧೂಳೆಲ್ಲ ಅಲ್ಲೇ ವಸ್ತಿ.
ಬಣ್ಣಿಲ್ಲದ್ದನ್ನ ಹಚ್ಚಿ ಕಾಯಾಕತ್ತಿದ್ದೆ,

ಅಷ್ಟರಾಗ ರಾಜೇಸಾಬನ ಟ್ಯಾಕ್ಸಿ ಬಂತು.
ನಾಕೂ ಕಾಚು ಏರಿಸಿದ್ದ.
ಹತ್ರ ಬಂದು, ತಾನ ಏನೋ ತಪ್ಪು ಮಾಡಿದಾಂವರಂಗ, ಹಳೂಕ ಅಂದ:
ರಾತ್ರಿ ಕಲಾದಗೀ ಹೆಣ್ಮಗಳು,
ಗದ್ದನಕೇರಿ ಕ್ರಾಸ್ ದಾಟೂದ್ರಾಗ ಹಿಂದಿನ ಸೀಟಿನ್ಯಾಗ ಹಡದಳಕ್ಕ.
ತಾಯೀ ಕೂಸು ಅರಾಮ ಅದಾವು.
ಸೀಟು ನೋಡು.

ಏಜೆಂಟ ಎರಡು ಹೆಜ್ಜಿ ಹಿಂದ ಸರದ.
ಆಮ್ಯಾಲೆ ಧಂದೆ ನೆಪ್ಪಾಗಿ
'ಹಸರ ಹೊಡೀರಿ, ಬಿಸಿನೀರಾಗ, ಒಂದಕ್ಕ ನಾಕು' ಅಂದ.
ಬಿಸಿನೀರು ಹಾಕಿದ್ರ ರಕ್ತ ಬೇಯ್ತೈತಿ ತಮ್ಮಾ,
ಬಟ್ಟಿ ಒಳಗ ಗಟ್ಟಿ ಕುಂತು ಬಿಡತೈತಿ.
ಮೊದಲ ತಣ್ಣೀರು, ತಿಕ್ಕಬಾರದು, ಒತ್ತಬೇಕು.
ಇದು ನಿನ್ನ ಮೂರೂ ಕ್ಯಾನಿನ ಚೀಟಿ ಮ್ಯಾಲ ಇಲ್ಲ,
ಹನ್ನೆರಡು ತುಂಬಿದ ಹುಡುಗೀನ ಕೇಳು, ಹೇಳ್ತಾಳ.

ಅಂವ ತನ್ನ ಬೂಟು ನೋಡಕೋತ ನಿಂತ.

ಐದು ಬಕೆಟ್ ತಣ್ಣೀರು, ಎಂಟು ಅರಬಿ.
ಬಣ್ಣಿಲ್ಲದ್ದು, ಒಂದಕ್ಕ ಹತ್ತು, ಆಮ್ಯಾಲೆ.
ನೊರಿ ಮೊದಲ ಗುಲಾಬಿ, ನಂತರ ಬೂದಿ,
ನಂತರ ಒಂಬತ್ತು ವರ್ಷದ ಪ್ಯಾಸೆಂಜರರ ಬೆವರು, ಚಹಾ,
ಆಮ್ಯಾಲೆ ಬರೇ ನೊರಿ.
ಸೀಟಿನ ಹೊಲಿಗ್ಯಾಗ ಹಸರು ಬಳಿ ಚೂರು ಸಿಕ್ಕಿತ್ತು,
ಎತ್ತಿ ಡ್ಯಾಶ್‌ಬೋರ್ಡಿನ ಮ್ಯಾಲಿಟ್ಟೆ.

ಬಣ್ಣಿಲ್ಲದ್ದು ಒಂದ ಕ್ಯಾನು ತಗೊಂಡೆ.
ಹಸರು ಅರ್ಧ ಲೀಟರು, ಗಾಲಿಗಿ.
ಮಾರ್ಕರ್‌ಲೇ ಆಲ್ ಪರ್ಪಸ್ ಅನ್ನೋದನ್ನ ಕಾಟು ಹಾಕಿ
'ಸೀಟಿಗಿ ಅಷ್ಟ' ಅಂತ ಬರದೆ. ಏಜೆಂಟ ಏನೂ ಅನಲಿಲ್ಲ.

ನಾಕು ಗಂಟೇಕ ರಾಜೇಸಾಬ ಬಂದ,
ಹಿಂದಿನ ಬಾಗಿಲಾ ತಗದ, ಬಗ್ಗಿ ಸೀಟಿಗಿ ಮೂಗು ಹಚ್ಚಿದ.
ಏನೂ ವಾಸನಿನ ಇಲ್ಲಲ್ಲಕ್ಕ, ಅಂದ,
ಸ್ವಲ್ಪ ಬ್ಯಾಸರಾದಾಂವರಂಗ.